ಮಂಗಳವಾರ ಅಪ್ಪ ಮನೆಯಲ್ಲಿ ಇರುವುದಿಲ್ಲ

...ನಿಲ್ಲಿಸಿದೆ ಈಶ್ವರಿ, ಇಕೊ, ನಿಲ್ಲಿಸಿದೆ. ಚೆರ್ಕಳ ದಾಟಿದ ಮೇಲೆ ನಿಲ್ಲಿಸುವ ಅಂತ ಇದ್ದೆ, ಇಲ್ಲಿ ಈ ಹೈವೇ ಕೆಲಸದ ಧೂಳಿನಲ್ಲಿ ಎಂತಕ್ಕೆ... ಆಯ್ತು, ಆಯ್ತು. ನಿಲ್ಲಿಸಿ ಅಂತ ಹೇಳಿದಿ, ನಿಲ್ಲಿಸಿದೆ. ವಾಂತಿ ಬರುವ ಹಾಗೆ ಆಗ್ತದಾ? ನೀರು ಉಂಟು ನೋಡು, ಬಾಟ್ಲಿ ನಿನ್ನ ಕಾಲಿನ ಹತ್ರವೇ ಉಂಟು. ಗ್ಲಾಸು ಇಳಿಸ್ಲಾ? ಬೇಡವಾ. ಥಿಯೇಟರಿನ ಆ ಪಫ್ಸ್ ತಿಂದದ್ದೇ ಆಗಿರಬೇಕು. ಎಷ್ಟು ದಿನದ್ದೋ ಎಂತದೋ. ...ಹೌದಲ್ಲ, ನೀನು ತಿನ್ನಲೇ ಇಲ್ಲ. ನಾನೇ ಎರಡೂ ತಿಂದದ್ದು.

ಕಾಸರಗೋಡಿನಿಂದ ಇಲ್ಲಿವರೆಗೆ ನೀನು ಆಡಿದ್ದು ಅದೊಂದೇ ಮಾತು. ನಿಲ್ಲಿಸಿ. ಬೇರೆ ಎಂತದೂ ಇಲ್ಲ.

ನನಗೆ ಗೊತ್ತುಂಟು, ಸಿನೆಮಾ ನಿನಗೆ ಹಿಡಿಸಲಿಲ್ಲ. ನನಗೂ ಹಿಡಿಸಲಿಲ್ಲ ಮಾರಾಯ್ತಿ. ಐವನ್ ನಮ್ಮ ಕ್ಲಾಸಿನವ ಹೌದು, ಮಂಗಳೂರಿನಲ್ಲಿ ನಾಟಕ ಬರೆದು ಬರೆದು ಈಗ ಸಿನೆಮಾಕ್ಕೆ ಕತೆ ಬರೆಯುವಷ್ಟು ದೊಡ್ಡವನಾದ, ಸಂತೋಷವೇ. ಹಾಗಂತ ಇಂಥ ಕತೆಯಾ? ಮೂರು ಗಂಡಸರು, ಹೊಟ್ಟೆ ಬಂದವರು, ತಲೆಗೆ ಡೈ ಹಾಕಿದವರು, ಹೆಂಡತಿಯರಿಗೆ ಸುಳ್ಳು ಹೇಳಿ ಹಳೆ ಹಾಸ್ಟೆಲಿಗೆ ಹೋಗಿ ಕೂತು ಕುಡಿಯುದು, ಚಡ್ಡಿಯಲ್ಲಿ ಲೇಡೀಸ್ ಹಾಸ್ಟೆಲಿನ ಕಂಪೌಂಡು ಹಾರುದು, ವಾರ್ಡನಿನ ನೈಟಿ ಹಾಕಿಕೊಂಡು ಓಡುದು. ಬಾಯಿ ತೆಗೆದರೆ ಎರಡರ್ಥದ ಮಾತು. ನಮ್ಮ ಹಿಂದಿನ ಸಾಲಿನಲ್ಲಿ ನನ್ನ ಪ್ಲಸ್ ಟು ಮಕ್ಕಳೇ ನಾಲ್ಕು ಜನ ಕೂತಿದ್ದರು. ಕೆಮಿಸ್ಟ್ರಿ ಸಾರ್ ಹೆಂಡತಿಯನ್ನು ಕರ್ಕೊಂಡು ಬಂದು ಇದನ್ನು ನೋಡಿದರು ಅಂತ ಸೋಮವಾರ ಇಡೀ ಸ್ಕೂಲಿಗೆ ಗೊತ್ತಾಗ್ತದೆ. ನಾನು ಬರುವುದೇ ಬೇಡ ಅಂತ ಇದ್ದೆ. ಶ್ರೀ ಟಿಕೆಟು ಬುಕ್ ಮಾಡಿ ಕಳಿಸಿದ್ದಾಳೆ, ನಿಮ್ಮ ಕಾಲೇಜಿನ ಕತೆಯಂತೆ ಅಪ್ಪ, ಅಮ್ಮನನ್ನು ಕರ್ಕೊಂಡು ಹೋಗು ಅಂತ. ಮಗಳು ಪ್ರೀತಿಯಿಂದ ಕಳಿಸಿದಾಗ ಬೇಡ ಅಂತ ಹೇಗೆ ಹೇಳುದು.

ಮತ್ತೆ ಆ ಕಾಗದದ ಸೀನು.

ಅದಕ್ಕೇ ಅಲ್ವಾ ನೀನು ಹೀಗೆ ಕೂತದ್ದು? ನೋಡು, ನಾನೇ ಹೇಳ್ತೇನೆ, ಅದು ಐವನ್ ಮಾಡಿದ್ದು ತಪ್ಪು. ದೊಡ್ಡ ತಪ್ಪು. ಹುಡುಗಿ ಹೆಸರಿನಲ್ಲಿ ಸಾರಿಗೆ ಪ್ರೇಮಪತ್ರ ಬರೆಯುದು, ಅದು ಗಾಳಿಗೆ ಹಾರಿ ಹೋಗಿ ಪ್ರಿನ್ಸಿಪಾಲರ ಪ್ಯಾಂಟಿನ ಹಿಂದೆ ಅಂಟಿಕೊಳ್ಳುದು, ಅದನ್ನು ಪ್ಯೂನ್ ಗಟ್ಟಿಯಾಗಿ ಓದುದು... ಜನ ನಕ್ಕದ್ದು ನೋಡಿದೆಯಾ. ನನ್ನ ಪಕ್ಕದವ ನನ್ನ ತೊಡೆಗೆ ಹೊಡೆದು ನಕ್ಕ. ನಾನು ನಗಲಿಲ್ಲ. ನೀನು ನೋಡಿರಬೇಕು, ನಾನು ಒಂದು ಚೂರೂ ನಗಲಿಲ್ಲ.

ನಿನಗೆ ನೋವಾಗ್ತದೆ ಅಂತ ಅವನಿಗೆ ಗೊತ್ತಾಗಬೇಕಿತ್ತು. ಇಪ್ಪತ್ತಮೂರು ವರ್ಷದ ಹಿಂದೆ ನಿನ್ನ ಹೆಸರಿನಲ್ಲಿ ಒಂದು ಕಾಗದ ಸಿಕ್ಕಿ, ಕೆಮಿಸ್ಟ್ರಿಯ ಶಿವಪ್ರಸಾದ ಸಾರಿನ ಕೆಲಸ ಹೋಗಿ, ನಿನ್ನ ಓದು ನಿಂತು... ಬೇಡ. ಆ ಸುದ್ದಿ ಬೇಡ ಅಂತ ನಾವು ಮೊದಲೇ ಮಾತಾಡಿಕೊಂಡದ್ದಲ್ವಾ. ಇಡೀ ಕಾಲೇಜಿಗೆ ಗೊತ್ತಿದ್ದ ಸಂಗತಿ, ಐವನ್‌ಗೂ ಗೊತ್ತಿತ್ತು, ಎತ್ತಿ ಕತೆಗೆ ಹಾಕಿದ. ಅಷ್ಟೇ. ಸಿನೆಮಾದವರಿಗೆ ಮುಲಾಜು ಅಂತ ಒಂದು ಉಂಟಾ?

ಐವನ್ ನಿನ್ನತ್ರ ಎಂತ ಹೇಳಿದ?

ಇಂಟರ್ವಲಿನಲ್ಲಿ. ನಾನು ಚಾ ತರ್ಲಿಕ್ಕೆ ಹೋದಾಗ ಅವ ನಿನ್ನ ಸೀಟಿನ ಹತ್ರ ಬಂದು ಬಗ್ಗಿ ಎಂತದೋ ಹೇಳ್ತಾ ಇದ್ದ. ನಾನು ಬಾಗಿಲಿನಿಂದ ನೋಡಿದೆ. ಎರಡು ಕೈಯಲ್ಲೂ ಚಾ ಇತ್ತು, ಬೇಗ ಬರ್ಲಿಕ್ಕೆ ಹೋಗಿ ಕೈಮೇಲೆ ಚೆಲ್ಲಿತು, ಇಕೊ, ಇನ್ನೂ ಕೆಂಪು ಉಂಟು. ನಾನು ಬರುವಾಗ ಅವ ಹೋಗಿದ್ದ. ಎಂತ ಹೇಳಿದ ಈಶ್ವರಿ? ...ಸುಮ್ಮನೆ ಕೇಳಿದ್ದು. ಹೇಳದಿದ್ದರೆ ಬೇಡ. ಕುಡಿದಿದ್ದ ಅವ, ಸಿನೆಮಾ ಬಿಡುಗಡೆಯ ಖುಷಿಯಲ್ಲಿ ಬೆಳಗ್ಗಿನಿಂದಲೇ ಕುಡಿದಿದ್ದ. ಕುಡಿದವನ ಮಾತಿಗೆ ಎಂತ ಅರ್ಥ?

ಯಾಕೆ ನನ್ನ ಕೈ ನೋಡ್ತಿ?

ಎಡಗೈ... ಹೋ. ಸಿನೆಮಾದಲ್ಲಿ ಕಾಗದ ಬರೆಯುವವ ಎಡಗೈಯಲ್ಲಿ ಬರೆಯುದು, ಅದಕ್ಕಾ? ಲೋಕದಲ್ಲಿ ನಾನೊಬ್ಬನೇ ಎಡಗೈಯವನಾ? ನಮ್ಮ ರೂಮಿನ ಗುಣಪಾಲನೂ... ಗುಣಪಾಲ ಬಲಗೈ, ಇರಲಿ. ಆ ನಟನೇ ಎಡಗೈಯವ ಇರಬಹುದಲ್ವಾ. ಕೆಮ್ಮಿ ಕೆಮ್ಮಿ ಮಾತು ಸುರು ಮಾಡುದು, ಅಂಗಿಯ ಮೇಲಿನ ಗುಂಡಿ ತಿರುಗಿಸುದು, ಅದೆಲ್ಲ ಎಲ್ಲರೂ ಮಾಡ್ತಾರೆ. ನಾವು ಮೂರು ಜನ ಕಾಲೇಜಿನ ಹಿಂದೆ ಒಂದೇ ರೂಮಿನಲ್ಲಿ ಬಾಡಿಗೆಗೆ ಇದ್ದವರು, ಅವನಿಗೆ ಪಾತ್ರ ಬೇಕಾದಾಗ ನನ್ನ ನಡೆ, ಗುಣಪಾಲನ ನುಡಿ ಅಂತ ಸ್ವಲ್ಪ ಸ್ವಲ್ಪ ತೆಗೆದಿರ್ತಾನೆ. ನಡೆ ತೆಗೆದ ಅಂತ ನಾನೇ ಬರೆದೆ ಅಂತ ಆಗ್ತದಾ?

ನೀನು ಹಾಗೆ ಕೇಳಲಿಲ್ಲ. ಸರಿ. ನೀನು ಎಂತದೂ ಕೇಳಲಿಲ್ಲ.

ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಒಬ್ಬಳ ಬದುಕು ಹಾಳಾದ ಕಾಗದವನ್ನು ಅಕ್ಷರ ಅಕ್ಷರ ಹಾಗೆಯೇ ಇಡುದಾ? ಸಾರ್, ನಿಮ್ಮ ಬೆರಳಿಗೆ ಹಿಡಿದ ಚಾಕಿನ ಪುಡಿ ನಾನಾಗಬಾರದಿತ್ತಾ ಅಂತ. ಆಮೇಲೆ ಲ್ಯಾಬಿನ ಆ ಗಾಜಿನ ಕೊಳವೆ, ಬ್ಯುರೆಟ್ಟು, ಅದನ್ನು ಹಿಡಿಯುದರ ಬಗ್ಗೆ ಆ ಹೊಲಸು ಮಾತು. ಆಮೇಲೆ ಮಂಗಳವಾರ ಅಪ್ಪ ಮನೆಯಲ್ಲಿ ಇರುವುದಿಲ್ಲ ಅಂತ. ಇದೆಲ್ಲ ನಾಲ್ಕುನೂರು ಜನರ ಎದುರು...

ಎಂತ?

ಎಂತ ಈಶ್ವರಿ, ಯಾಕೆ ಹಾಗೆ ತಿರುಗಿದಿ?

ಮಂಗಳವಾರದ್ದು... ಸಿನೆಮಾದಲ್ಲಿ ಇತ್ತಲ್ಲ. ಇತ್ತು. ಪ್ಯೂನ್ ಓದುವಾಗ... ಇಲ್ಲ, ಬ್ಯುರೆಟ್ಟಿನ ಮಾತಿಗೇ ಪ್ರಿನ್ಸಿಪಾಲ್ ಕಾಗದ ಕಿತ್ತುಕೊಂಡ. ಹೌದು. ಅಲ್ಲಿಗೇ ನಿಂತಿತು. ಹಾಗಾದರೆ ನೀನೇ ಯಾವಾಗಲೋ ಹೇಳಿದ್ದಿರಬೇಕು ನನ್ನತ್ರ. ಹೇಳಿಲ್ವಾ? ಮಾವ ಹೇಳಿರಬೇಕು. ಅಥವಾ ಅತ್ತೆ... ಅತ್ತೆಗೆ ಓದಿ ಹೇಳಿದವರು ಯಾರು? ಮಾವ ಆ ಕಾಗದದ ಹೆಸರೆತ್ತಿದವರೇ ಅಲ್ಲ. ಪ್ರಿನ್ಸಿಪಾಲರು ಬಾಗಿಲು ಹಾಕಿ ಮಾವನ ಎದುರು ಓದಿದ್ದು. ನೀನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದಿ. ಪ್ರಿನ್ಸಿಪಾಲರು ಈಗ ಇಲ್ಲ. ಮಾವನೂ ಇಲ್ಲ.

ಹೋಗುವನಾ ಮನೆಗೆ? ಐದು ಗಂಟೆ ಆಯ್ತು. ಮುಳ್ಳೇರಿಯ ಮುಟ್ಟುವಾಗ ಹಾಲಿನವ ಬಂದು ಹೋಗಿರ್ತಾನೆ. ಗಾಡಿ ಸ್ಟಾರ್ಟ್ ಮಾಡ್ತೇನೆ.

ಕೀ ಯಾಕೆ ತೆಗೆದಿ? ಕೀ ಕೊಡು ಈಶ್ವರಿ. ಬಸ್ಸಿನವ ಹಿಂದಿನಿಂದ ಹಾರ್ನ್ ಹೊಡಿತಾ ಇದ್ದಾನೆ, ಇಲ್ಲಿ ನಿಲ್ಲಿಸ್ಲಿಕ್ಕೆ ಇಲ್ಲ. ಕೊಡು. ನೀನು ಹೀಗೆ ಕಣ್ಣು ಮಿಟುಕಿಸದೆ ನೋಡಿದರೆ ನನಗೆ ಹೆದರಿಕೆ ಆಗ್ತದೆ.

ಐವನ್ ಹೇಳಿಬಿಟ್ಟ, ಅಲ್ವಾ.

ಆಯ್ತು. ಹೇಳ್ತೇನೆ. ಅವನ ಬಾಯಿಯಿಂದ ಕೇಳುದಕ್ಕಿಂತ ನನ್ನ ಬಾಯಿಯಿಂದ ಕೇಳು. ಅವ ಎಲ್ಲವನ್ನೂ ತಮಾಷೆ ಮಾಡಿ ಹೇಳ್ತಾನೆ.

ಕಾಗದ ಬರೆದದ್ದು ನಾನು. ಅಂದರೆ... ಅಕ್ಷರ ಮಾತ್ರ ನನ್ನದು. ಮಾತು ಹೇಳಿಕೊಟ್ಟದ್ದು ಐವನ್. ಚಾಕಿನ ಪುಡಿ ಅವನದ್ದು, ಬ್ಯುರೆಟ್ಟು ಗುಣಪಾಲನದ್ದು. ಪರೀಕ್ಷೆಗೆ ಎರಡು ತಿಂಗಳು ಇತ್ತು, ಓದಿ ಓದಿ ತಲೆ ಕೆಟ್ಟಿತ್ತು, ಒಂದು ಆದಿತ್ಯವಾರ ಮಧ್ಯಾಹ್ನ ಸುಮ್ಮನೆ ನಗ್ಲಿಕ್ಕೆ ಅಂತ ಕೂತದ್ದು. ಹುಡುಗರು ಹಾಗೆಲ್ಲ ಮಾಡ್ತಾರೆ. ಯಾರ ಹೆಸರಿನಲ್ಲಿ ಬರೆಯುದು ಅಂತ ಬಂದಾಗ... ನಿನ್ನ ಲ್ಯಾಬಿನ ರೆಕಾರ್ಡ್ ಪುಸ್ತಕ ನನ್ನತ್ರ ಇತ್ತಲ್ಲ.

ನಿನಗೆ ನೆನಪುಂಟಾ, ನನಗೆ ಕಾಮಾಲೆ ಆಗಿತ್ತು. ಕಣ್ಣು, ಉಗುರು ಎಲ್ಲ ಹಳದಿ. ಮೂರು ವಾರ ಲ್ಯಾಬ್ ತಪ್ಪಿತ್ತು. ನೀರ್ಚಾಲಿನಲ್ಲಿ ನಿಮ್ಮ ಮನೆಗೆ ಬಂದೆ, ಮಾವನ ಮದ್ದಿಗೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ, ಮಗಳ ಕ್ಲಾಸಿನವ ಅಂತ. ಎರಡನೇ ಸಲ ಬಂದಾಗ ಅತ್ತೆ ಹೊರಗೆ ಬಂದು, ವೈದ್ಯರು ಇಲ್ಲ ಮಗ, ಮಂಗಳವಾರ ಅವರು ಪೆರ್ಲದ ಅಂಗಡಿಯಲ್ಲಿ ಕೂರುದು, ಮನೆಯಲ್ಲಿ ಇರುದಿಲ್ಲ ಅಂತ ಹೇಳಿದರು. ಉಪ್ಪಿಲ್ಲದ ಗಂಜಿ ಬಡಿಸಿದರು ನನಗೆ. ಆಗ ನೀನು ಒಳಗಿನಿಂದ ರೆಕಾರ್ಡ್ ತಂದು ಕೊಟ್ಟಿ. ನಿಧಾನಕ್ಕೆ ಬರೆದುಕೊಳ್ಳಿ, ನನಗೆ ಅರ್ಜೆಂಟ್ ಇಲ್ಲ ಅಂತ ಹೇಳಿದಿ. ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ ಹುಡುಗಿ ಆ ಕ್ಲಾಸಿನಲ್ಲಿ ನೀನೊಬ್ಬಳೇ.

ಆ ರೆಕಾರ್ಡ್ ನೋಡಿ ನೋಡಿ ನಿನ್ನ ಅಕ್ಷರ ನನ್ನ ಕೈಗೆ ಹತ್ತಿತ್ತು. ಎಡಗೈಯಲ್ಲಿ ಬರೆದರೂ ಹಾಗೇ ಬರ್ತಾ ಇತ್ತು. ಐವನ್ ನೋಡಿ ಹೆದರಿದ, ಎಂತ ಮಾರಾಯ ಇದು ಅವಳೇ ಬರೆದ ಹಾಗೆ ಉಂಟಲ್ಲ ಅಂತ. ಹೆದರಿ, ಹರಿದು ಹಾಕು ಇದನ್ನು, ಸಾಕು ಅಂತ ಹೇಳಿದ. ಅವ ಹೇಳಿದ್ದು ಸತ್ಯ. ಅಷ್ಟೇ ಆದದ್ದು. ಅಲ್ಲಿಗೆ ಮುಗಿಯಬೇಕಿತ್ತು. ಹರಿಯುವ ಅಂತಲೇ ಇದ್ದೆ, ಮರೆತುಹೋಯಿತು, ಕಾಗದ ಆ ರೆಕಾರ್ಡಿನ ಒಳಗೆ ಉಳಿಯಿತು. ನಾನು ರೆಕಾರ್ಡ್ ವಾಪಸು ತರುವಾಗ ಅದರೊಟ್ಟಿಗೆ ಕಾಲೇಜಿಗೆ ಬಂತು. ತಪ್ಪಿ ಆದದ್ದು ಈಶ್ವರಿ. ಐವನ್‌ಗೂ ಗುಣಪಾಲನಿಗೂ ನಾನು ಆಗಲೇ ಹೇಳಿದ್ದೆ, ತಪ್ಪಿ ಆದದ್ದು ಅಂತ. ಅದಕ್ಕೇ ಅವ ಸಿನೆಮಾದಲ್ಲಿ ಗಾಳಿಗೆ ಹಾರಿಸಿದ್ದು.

ಇಷ್ಟೇ. ಹೇಳಿದೆ. ಬೈಯಿ. ಎರಡು ಪೆಟ್ಟು ಕೊಡಬೇಕು ಅಂತ ಇದ್ದರೆ ಕೊಡು. ಆದರೆ ಹೀಗೆ ಕೂರಬೇಡ.

ನಾನು ಮಾಡಿದ್ದಕ್ಕೆ ನಾನು ಪ್ರಾಯಶ್ಚಿತ್ತ ಮಾಡಿಕೊಂಡದ್ದನ್ನೂ ಸ್ವಲ್ಪ ಯೋಚನೆ ಮಾಡು. ನಾಲ್ಕು ವರ್ಷ ನಿನ್ನನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಬಂದವರು ಎರಡು ಮನೆ ದಾಟುವುದರೊಳಗೆ ಸುದ್ದಿ ಕೇಳಿ ವಾಪಸು ಹೋದರು. ನಾನು ಬಂದೆ. ನನ್ನ ಅಪ್ಪ ಅಮ್ಮ ಬೇಡವೇ ಬೇಡ ಅಂತ ಹೇಳಿದರೂ ಬಂದೆ. ಮದುವೆಯಾದ ಮೂರನೇ ದಿನ ಬಾವಿಕಟ್ಟೆಯಲ್ಲಿ ನೀನು ಅಳುತ್ತಾ ನನ್ನತ್ರ ಹೇಳಿದಿ, ಆ ಕಾಗದ ನಾನು ಬರೆದದ್ದಲ್ಲ, ನೀವಾದರೂ ನಂಬಬೇಕು ಅಂತ. ನಾನು ನಿನಗೆ ಒಂದು ಕೆಟ್ಟ ಮಾತು ಆಡಿದ್ದೇನಾ? ಅದನ್ನೆಲ್ಲ ನಾನು ಕ್ಷಮಿಸಿದ್ದೇನೆ, ಇನ್ನು ಆ ಸುದ್ದಿ ಬೇಡ ಅಂತ...

ಯಾಕೆ ನಗುದು?

ಈಶ್ವರಿ, ಯಾಕೆ ನಗುದು ಈಗ? ಹಾಗೆ ನಗಬೇಡ. ಇಡೀ ಸಿನೆಮಾದಲ್ಲಿ ನಗದವಳು ಈಗ ನಗ್ತಿ. ನಿಲ್ಲಿಸು. ಜನ ನೋಡ್ತಾರೆ, ಆ ಜ್ಯೂಸಿನಂಗಡಿಯವ ನೋಡ್ತಾ ಇದ್ದಾನೆ.

...ಹೌದು. ಕ್ಷಮಿಸಿದ್ದೇನೆ ಅಂತ ಹೇಳಿದೆ. ನಾನು ನಿನಗೆ. ನಂಬ್ತೇನೆ ಅಂತ ಒಂದು ಮಾತು ಹೇಳಿದರೆ ಸಾಕಿತ್ತು, ಅದಕ್ಕೆ ನಾನು ಎಂತದೂ ಕಳ್ಕೊಳ್ಳಬೇಕಾಗಿರಲಿಲ್ಲ. ಬಾಯಿಗೆ ಬಂದದ್ದು ಕ್ಷಮಿಸಿದೆ ಅಂತ. ನೀನು ಕಣ್ಣೊರಸಿಕೊಂಡು ಕೊಡಪಾನ ಎತ್ತಿಕೊಂಡು ಒಳಗೆ ಹೋದಿ. ಆಮೇಲೆ ಒಂದು ದಿನವೂ ಆ ವಿಷಯ ತೆಗೆಯಲಿಲ್ಲ.

ಈಗ ನಗು ನಿಂತಿತು. ಆದರೆ ನೋಡುದು ನಿಲ್ಲಲಿಲ್ಲ.

ಮತ್ತೆಂತ? ಎಲ್ಲ ಹೇಳಿದೆನಲ್ಲ. ತಪ್ಪಿ ರೆಕಾರ್ಡಿನಲ್ಲಿ ಉಳಿದದ್ದು, ಅದು... ಹಾಗೆ ತಲೆ ಆಡಿಸಬೇಡ. ಯಾವುದು ಅಲ್ಲ? ...ಸಿಕ್ಕಿದ್ದು ರೆಕಾರ್ಡಿನಲ್ಲಿ ಅಲ್ಲ. ಹೌದು. ನಿನಗೆ ಗೊತ್ತುಂಟು ಎಲ್ಲಿ ಸಿಕ್ಕಿದ್ದು ಅಂತ, ನಿನ್ನನ್ನು ನಿಲ್ಲಿಸಿ ಹೇಳಿದ್ದಾರೆ. ಡಿಪಾರ್ಟ್‌ಮೆಂಟ್ ಹೆಡ್ಡಿನ ಇಂಟರ್ನಲ್ ಮಾರ್ಕಿನ ರಿಜಿಸ್ಟರಿನಲ್ಲಿ. ನಿನ್ನ ಹೆಸರು ಇದ್ದ ಪುಟದಲ್ಲಿ. ಅಲ್ಲಿಗೆ ತಪ್ಪಿ ಹೋಗ್ಲಿಕ್ಕೆ ಆಗುದಿಲ್ಲ, ಅಲ್ವಾ.

ನೀರು ಕೊಡು ಸ್ವಲ್ಪ.

ಇಪ್ಪತ್ತಮೂರು ವರ್ಷ ನಾನು ಇದನ್ನು ನನ್ನತ್ರವೂ ಹೇಳಿಕೊಂಡದ್ದಲ್ಲ. ತಪ್ಪಿ ಆದದ್ದು ಅಂತ ಹೇಳಿ ಹೇಳಿ ನನಗೇ ಹಾಗೆ ಆಗಿಹೋಗಿತ್ತು.

ಆ ದಿನ ಸೋಮವಾರ. ರೆಕಾರ್ಡ್ ಕೊಡ್ಲಿಕ್ಕೆ ನಿನ್ನನ್ನು ಹುಡುಕಿಕೊಂಡು ಬಂದೆ. ಒಂದು ಚಾಕಲೇಟು ತಂದಿದ್ದೆ ಕಿಸೆಯಲ್ಲಿ. ಒಂದು ಮಾತು ಹೇಳಬೇಕು ಅಂತ ಇತ್ತು ನಿನ್ನತ್ರ, ರೂಮಿನಲ್ಲೇ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ನೀನು ಲ್ಯಾಬಿನ ಹೊರಗೆ ಶಿವಪ್ರಸಾದ ಸಾರೊಟ್ಟಿಗೆ ನಿಂತಿದ್ದಿ. ಅವರ ಕೈಯಲ್ಲಿ ಯೂನಿವರ್ಸಿಟಿಯ ಅರ್ಜಿ ಫಾರ್ಮು. ಎಂ.ಎಸ್ಸಿ.ಗೆ. ನಿನಗೆ ಅಂತ ಅವರೇ ಹೋಗಿ ತಂದದ್ದು. ನೀನು ಖುಷಿಯಿಂದ ನಗ್ತಾ ಇದ್ದಿ. ನನ್ನನ್ನು ಕಂಡು, ಜನಾರ್ದನ, ಹುಷಾರಾಯ್ತಾ, ರೆಕಾರ್ಡ್ ಮೇಜಿನ ಮೇಲೆ ಇಡಿ ಆಯ್ತಾ ಅಂತ ಹೇಳಿ ಪುನಃ ಅವರ ಕಡೆಗೆ ತಿರುಗಿದಿ. ಅಷ್ಟೇ. ನೀನು ತಪ್ಪು ಮಾಡಲಿಲ್ಲ. ಸಾರೂ ತಪ್ಪು ಮಾಡಲಿಲ್ಲ, ಅವರು ಒಳ್ಳೆಯ ಹುಡುಗಿ ಓದಲಿ ಅಂತ ಫಾರ್ಮು ತಂದರು.

ನಾನು ನಿಂತು ನೋಡಿದೆ. ನನಗೆ ಎರಡು ಪೇಪರು ಹಿಂದೆ ಉಳಿದಿತ್ತು. ನೀನು ಮೊದಲ ರ‍್ಯಾಂಕಿಗೆ ಓದುವವಳು. ಇನ್ನು ಮೂರು ತಿಂಗಳಲ್ಲಿ ನೀನು ಎಲ್ಲಿಗೋ ಹೋಗ್ತಿ, ದೊಡ್ಡವಳಾಗ್ತಿ, ಕಾಮಾಲೆಯ ಒಬ್ಬ ಹುಡುಗ ಗಂಜಿ ಉಂಡು ಹೋದದ್ದು ನಿನಗೆ ನೆನಪೂ ಇರುದಿಲ್ಲ. ಸ್ಟಾಫ್‌ರೂಮಿನಲ್ಲಿ ಯಾರೂ ಇರಲಿಲ್ಲ, ಊಟದ ಹೊತ್ತು. ರಿಜಿಸ್ಟರು ಮೇಜಿನ ಮೇಲೆ ಇತ್ತು. ನಾನು ನಿನ್ನ ಹೆಸರು ಹುಡುಕಿದೆ. ಹುಡುಕಿ ಆ ಪುಟದಲ್ಲಿ ಕಾಗದ ಇಟ್ಟೆ. ಇಡುವ ಮೊದಲು ನಿಂತುಕೊಂಡು, ಸಾರಿನದ್ದೇ ಪೆನ್ನಿನಲ್ಲಿ, ಕೊನೆಯ ಸಾಲು ಬರೆದೆ. ಮಂಗಳವಾರದ್ದು. ಅದು ಐವನ್‌ಗೂ ಗುಣಪಾಲನಿಗೂ ಗೊತ್ತಿಲ್ಲ. ಬಾಕಿ ಮಾತೆಲ್ಲ ಹುಡುಗರ ತಮಾಷೆ ಅಂತ ಯಾರಾದರೂ ಹೇಳಿಯಾರು. ಆ ಸಾಲು ಕಂಡರೆ ಇದು ಆ ಮನೆಯವಳೇ ಬರೆದದ್ದು ಅಂತ ಅವಳ ಅಪ್ಪನೂ ನಂಬ್ತಾನೆ. ಅದಕ್ಕೇ ಬರೆದದ್ದು.

ನೀನು ನನಗೆ ಎಟುಕುವಷ್ಟು ಕೆಳಗೆ ಬರಬೇಕಿತ್ತು ಈಶ್ವರಿ. ಬೇರೆ ಎಂತದೂ ಇಲ್ಲ.

ಇಷ್ಟಾಗ್ತದೆ ಅಂತ ಗೊತ್ತಿರಲಿಲ್ಲ. ಬೈಯ್ತಾರೆ, ನಾಲ್ಕು ದಿನ ನೀನು ತಲೆ ತಗ್ಗಿಸಿ ಬರ್ತಿ, ಆಗ ನಾನು ಹತ್ರ ಬಂದು ಮಾತಾಡಿಸುವ ಅಂತ. ಪರೀಕ್ಷೆಗೇ ಕೂರ್ಲಿಕ್ಕೆ ಬಿಡುದಿಲ್ಲ ಅಂತ ಯಾರು ಎಣಿಸ್ತಾರೆ? ಸಾರನ್ನು ಮರುದಿನವೇ ಕಳಿಸಿದರು. ಅವರನ್ನು ನಾನು ಒಮ್ಮೆ ನೋಡಿದ್ದೇನೆ, ಆರೇಳು ವರ್ಷ ಆಯ್ತು, ಕಾಞಂಗಾಡಿಗೆ ಹೋಗುವ ಬಸ್ಸಿನಲ್ಲಿ. ತಲೆ ಪೂರ್ತಿ ಬೆಳ್ಳಗಾಗಿದೆ. ಯಾವುದೋ ಟ್ಯೂಟೋರಿಯಲಿನ ಚೀಲ ಹೆಗಲಿನಲ್ಲಿ ಇತ್ತು. ನನ್ನನ್ನು ಗುರುತು ಹಿಡಿದು, ಜನಾರ್ದನ ಅಲ್ವಾ ಅಂತ ನಕ್ಕರು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದೆ. ನನ್ನ ಸ್ಟಾಪೇ ಅಲ್ಲ ಅದು.

ಆಮೇಲೆ ನಾಲ್ಕು ವರ್ಷ... ನಾನು ಕಾಯ್ತಾ ಇದ್ದೆ. ನಿನ್ನನ್ನು ಕೇಳಿಕೊಂಡು ಬಂದವರು ಒಬ್ಬೊಬ್ಬರೇ ವಾಪಸು ಹೋದ ಸುದ್ದಿ ಬಂದಾಗೆಲ್ಲ ನನಗೆ ಮೊದಲು ಬಂದದ್ದು ಹೆದರಿಕೆ ಅಲ್ಲ. ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಎಂತ ಬಂದದ್ದು ಅಂತ.

ನಾನು ಈಗ ಪಾಠ ಮಾಡುವ ಕೆಮಿಸ್ಟ್ರಿ ಯಾರದ್ದು? ನಾನು ಬಿಡಿಸ್ಲಿಕ್ಕಾಗದ ಪ್ರಾಬ್ಲೆಮ್ಮನ್ನು ನೀನು ಚಪಾತಿ ಲಟ್ಟಿಸುತ್ತಾ ಬಿಡಿಸಿ ಹೇಳ್ತಿ. ನಾನು ಮರುದಿನ ಬೋರ್ಡಿನಲ್ಲಿ ಬರಿತೇನೆ. ಸಾರ್ ಎಷ್ಟು ಚೆಂದ ಹೇಳಿಕೊಡ್ತಾರೆ ಅಂತ ಮಕ್ಕಳು ಹೇಳಿದ್ದನ್ನು ನಾನು ಬಂದು ನಿನ್ನತ್ರವೇ ಹೇಳ್ತೇನೆ.

ಅಳಬೇಡ. ...ಅಳುವುದಿಲ್ವಾ ನೀನು? ಕಣ್ಣು ಒಣಗಿಯೇ ಉಂಟಲ್ಲ. ನನಗೆ ಹಾಗೆ ಕಂಡಿತು.

ಮಾವನ ವಿಷಯ ಹೇಳಬೇಕಾ? ನೀನು ಅದನ್ನೇ ಎಣಿಸ್ತಾ ಇದ್ದಿ ಅಂತ ನನಗೆ ಗೊತ್ತುಂಟು. ಆಸ್ಪತ್ರೆಯಲ್ಲಿ ಮಾವ ನನ್ನ ಕೈ ಹಿಡಿದರು. ಈ ಕೈಯನ್ನೇ. ಅವಳು ಮಾಡಿದ್ದನ್ನು ನೀನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ, ನಿನ್ನ ಋಣ ನಾನು ಯಾವ ಜನ್ಮದಲ್ಲಿ ತೀರಿಸುದು ಅಂತ ಹೇಳಿದರು. ನೀನು ಬಾಗಿಲಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದಿ. ಕೇಳಿದಿ. ನಿನಗೆ ಕೇಳಿದ್ದು ನನಗೆ ಗೊತ್ತಾಯ್ತು. ಆಗ ಅವರಿಗೆ ಪ್ರಜ್ಞೆ ಇತ್ತು, ಇನ್ನೂ ಎರಡು ದಿನ ಇತ್ತು. ಅವರ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಅವರು ನಿನ್ನನ್ನು ಹತ್ರ ಕರೆದು ತಲೆ ಮುಟ್ಟುತ್ತಿದ್ದರು. ನಾನು ಎಂತ ಮಾಡಿದೆ? ಮಾತಾಡಬೇಡಿ ಮಾವ, ಆಯಾಸ ಆಗ್ತದೆ ಅಂತ ಹೇಳಿ ಹೊದಿಕೆ ಸರಿ ಮಾಡಿದೆ.

ಹೆದರಿಕೆ ಈಶ್ವರಿ. ಬೇರೆಂತ ಇಲ್ಲ, ಹೆದರಿಕೆ. ಮೊದಲು ಕಾಲೇಜಿನಿಂದ ತೆಗಿತಾರೆ ಅಂತ, ಆಮೇಲೆ ನೀನು ಬಿಟ್ಟು ಹೋಗ್ತಿ ಅಂತ, ಆಮೇಲೆ ಕೆಲಸಕ್ಕೆ ತೊಂದರೆ ಆಗ್ತದೆ ಅಂತ, ಶ್ರೀ ಹುಟ್ಟಿದ ಮೇಲೆ ಶ್ರೀಗೆ ಗೊತ್ತಾಗ್ತದೆ ಅಂತ. ಮೊನ್ನೆ ಐವನ್ ಫೋನು ಮಾಡಿ, ನಮ್ಮ ಒಂದೆರಡು ಹಳೆ ಕಿತಾಪತಿ ಸಿನೆಮಾದಲ್ಲಿ ಹಾಕಿದ್ದೇನೆ ಮಾರಾಯ ಅಂತ ನಗಾಡಿದ. ಯಾವುದು ಅಂತ ಕೇಳ್ಲಿಕ್ಕೂ ಧೈರ್ಯ ಇರಲಿಲ್ಲ ನನಗೆ. ಒಂದು ವಾರದಿಂದ ನಿದ್ದೆ ಇಲ್ಲ. ಆ ಕತ್ತಲೆಯಲ್ಲಿ ನಿನ್ನ ಪಕ್ಕ ಕೂತು, ಎಲ್ಲರೂ ನಗುವಾಗ ನಿನ್ನ ಉಸಿರು ಮಾತ್ರ ಕೇಳ್ತಾ ಇದ್ದೆ.

ಐವನ್‌ಗೆ ಮಂಗಳವಾರದ ಸಾಲು ಗೊತ್ತಿಲ್ಲ. ರಿಜಿಸ್ಟರಿನದ್ದೂ ಗೊತ್ತಿಲ್ಲ. ಹಾಗಾದರೆ ಅವ ಎಷ್ಟು ಹೇಳಿದ ನಿನಗೆ? ಬರೆದದ್ದು ನಾನು ಅಂತ ಮಾತ್ರ ಹೇಳಿದ್ದಾ?

...ಎಂತ, ಇಲ್ವಾ?

ಅದೂ ಹೇಳಲಿಲ್ವಾ? ಎಂತದೂ ಹೇಳಲಿಲ್ವಾ? ಬಗ್ಗಿ ಅಷ್ಟು ಹೊತ್ತು... ಎ.ಸಿ.ಯಾ? ತಣ್ಣಗಾಗ್ತದಾ, ಎ.ಸಿ. ಕಡಿಮೆ ಮಾಡಿಸ್ಲಾ ಅಂತ. ಅಷ್ಟೇ ಕೇಳಿದ್ದು.

ಹಾಗಾದರೆ ನೀನು ನಿಲ್ಲಿಸಿ ಅಂತ ಹೇಳುವಾಗ ನಿನಗೆ ಎಂತದೂ ಗೊತ್ತಿರಲಿಲ್ಲ. ಸಂಶಯ ಇತ್ತು, ಅಲ್ವಾ. ಎಡಗೈ ನೋಡಿ ಒಂದು ಸಂಶಯ ಬಂದಿರಬೇಕು, ಕೇಳುವ ಅಂತ ನಿಲ್ಲಿಸಿದಿ. ಕೇಳಲೂ ಇಲ್ಲ. ನಾನೇ...

ದೇವರೇ.

ಸರಿ. ಈಗ ಎಂತ ಮಾಡುದು ಹೇಳು. ಎಲ್ಲಿಗೆ ಹೋಗ್ತಿ? ನೀರ್ಚಾಲಿಗೆ ಬಿಡ್ಲಾ, ಅತ್ತೆಯ ಹತ್ರ? ನಾನು ಒಳಗೆ ಬರುದಿಲ್ಲ, ಗೇಟಿನಲ್ಲಿ ಇಳಿಸಿ ಹೋಗ್ತೇನೆ. ನೀನು ಏನು ಹೇಳಿದರೂ ಮಾಡ್ತೇನೆ. ಒಂದೇ ಒಂದು, ಕೈ ಮುಗಿದು ಕೇಳ್ತೇನೆ, ಶ್ರೀಗೆ ಮಾತ್ರ ಬೇಡ. ಅವಳು ಈಗಷ್ಟೇ ಕಾಲೇಜಿಗೆ ಸೇರಿದ್ದಾಳೆ. ಅವಳು ನನ್ನನ್ನು ಎಂಥ ಅಪ್ಪ ಅಂತ ಎಣಿಸಿದ್ದಾಳೆ, ನಿನಗೆ ಗೊತ್ತುಂಟು.

ನೋಡಬೇಡ ಹಾಗೆ. ನೆನಪುಂಟು. ನನಗೂ ನೆನಪುಂಟು.

ಕಳೆದ ವರ್ಷ ಊಟಕ್ಕೆ ಕೂತಾಗ. ಅವಳ ಫೋನು ನೀನು ನೋಡಿದಿ ಅಂತ ಜಗಳ. ನಾನೇನು ನಿನ್ನ ಹಾಗೆ ಸಾರಿಗೆ ಕಾಗದ ಬರೆಯುದಿಲ್ಲ ಅಂತ ಹೇಳಿದಳು ನಿನಗೆ. ಯಾರೋ ನೆಂಟರು ಅವಳ ಕಿವಿಗೂ ಹಾಕಿದ್ದರು. ನಿನ್ನ ಕೈಯಲ್ಲಿ ಸಾಂಬಾರಿನ ಸೌಟು ಇತ್ತು. ಅದನ್ನು ಪಾತ್ರೆಗೆ ಇಟ್ಟು ಒಳಗೆ ಹೋದಿ. ನಾನು ಮಗಳಿಗೆ ಬುದ್ಧಿ ಹೇಳಿದೆ, ಹಳೆ ವಿಷಯ ತೆಗೆಯಬಾರದು ಮಗಾ, ಅಮ್ಮನಿಗೆ ಬೇಸರ ಆಗ್ತದೆ ಅಂತ. ಅದು ಸುಳ್ಳು ಅಂತ ಹೇಳಲಿಲ್ಲ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆ. ಆಮೇಲೆ ಅವಳು ನನ್ನತ್ರ ಬಂದು, ನೀನು ಎಷ್ಟು ದೊಡ್ಡ ಮನಸ್ಸಿನವ ಅಪ್ಪ ಅಂತ ಹೇಳಿದಳು.

ಫೋನು ಯಾಕೆ ತೆಗೆದಿ?

ಈಶ್ವರಿ. ಯಾರಿಗೆ? ...ಬೇಡ. ಬೇಡ, ಇವತ್ತು ಬೇಡ, ನಾಳೆ ನಾನೇ ಮಂಗಳೂರಿಗೆ ಹೋಗಿ ಎದುರು ಕೂತು ಹೇಳ್ತೇನೆ, ಸತ್ಯವಾಗಿ ಹೋಗ್ತೇನೆ... ರಿಂಗ್ ಆಗ್ತಾ ಉಂಟು. ಕಟ್ ಮಾಡು. ಕಾಲು ಹಿಡಿತೇನೆ ಈಶ್ವರಿ, ಕಟ್ ಮಾಡು. ನನ್ನ ಕಡೆ ಯಾಕೆ ಹಿಡಿತಿ? ನೀನು ಮಾತಾಡು. ನೀನೇ ಹೇಳು, ಬೇಕಾದ ಹಾಗೆ ಹೇಳು, ನಾನು ಅಲ್ಲ ಅಂತ ಹೇಳುದಿಲ್ಲ...

ನಾನೇ ಹೇಳಬೇಕಾ?

...ಹಲೋ. ಹಾಂ, ಶ್ರೀ. ಅಪ್ಪ ಮಾತಾಡುದು. ಹೌದು, ಅಮ್ಮನ ಫೋನು. ಇಲ್ಲೇ ಇದ್ದಾಳೆ, ಪಕ್ಕದಲ್ಲಿ. ನೋಡಿದೆವು ಮಗಾ, ಸಿನೆಮಾ ನೋಡಿದೆವು. ಇಲ್ಲ, ಸ್ವರ ಎಂತದೂ ಇಲ್ಲ, ಧೂಳು ಇಲ್ಲಿ. ...ನೀನು ಒಬ್ಬಳೇ ಇದ್ದಿಯಾ? ಸ್ವಲ್ಪ ಹೊರಗೆ ಬಾ, ಗಲಾಟೆ ಇಲ್ಲದ ಕಡೆ. ಬಂದೆಯಾ? ಕೂತುಕೋ.

ಆ ಕಾಗದ ನಿನ್ನ ಅಮ್ಮ ಬರೆದದ್ದಲ್ಲ ಮಗಾ.